ಮೆದು ನೀರಿನ ಊರಿನಲ್ಲಿ ಗಡಸು ನೀರಿನ ಪಾಠ
(ಮನೆಯಲ್ಲಿ ತೊಳೆದ ಕಾರಿನ ಮೇಲೆ ಉಳಿಯುವ ಬಿಳಿ ಕಲೆಯನ್ನು ಆಧಾರವಾಗಿಟ್ಟುಕೊಂಡ ಬೋಧನಾಭ್ಯಾಸ ಪಾಠ)

ತರಗತಿ: 10
ವಿಷಯ: ವಿಜ್ಞಾನ
ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು
ಉಪಘಟಕ: ಸಾಬೂನು, ಮಾರ್ಜಕ ಮತ್ತು ಗಡಸು ನೀರು
ಅವಧಿ: ಎರಡು ಪಿರಿಯಡ್
ಸ್ಥಳ: ಮೇಗರವಳ್ಳಿ ಮತ್ತು ಸುತ್ತಲಿನ ಪ್ರೌಢಶಾಲೆಗಳಿಗೆ ಹೊಂದಿಸಿದ್ದು

1. ಈ ಪಾಠ ಏಕೆ ಬೇಕು?

ಪಠ್ಯಪುಸ್ತಕದ ಚಟುವಟಿಕೆ ಸರಳವಾಗಿದೆ. ಒಂದು ಪ್ರನಾಳದಲ್ಲಿ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಕೊಳವೆಬಾವಿ ಅಥವಾ ಕೈಪಂಪಿನ ಗಡಸು ನೀರು ತೆಗೆದುಕೊಂಡು, ಎರಡಕ್ಕೂ ಸಾಬೂನಿನ ದ್ರಾವಣ ಹಾಕಿ ಕುಲುಕಬೇಕು. ಮೊದಲನೆಯದರಲ್ಲಿ ನೊರೆ ಹೆಚ್ಚು ಬರುತ್ತದೆ. ಎರಡನೆಯದರಲ್ಲಿ ನೊರೆ ಕಡಿಮೆ, ಬಿಳಿ ಗಸಿ ಹೆಚ್ಚು. ಚಿತ್ರದುರ್ಗದಲ್ಲೋ ಕೋಲಾರದಲ್ಲೋ ಈ ಚಟುವಟಿಕೆ ಮಾಡಿದರೆ ಪುಸ್ತಕ ಹೇಳಿದಂತೆಯೇ ಆಗುತ್ತದೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮೇಗರವಳ್ಳಿಯಲ್ಲಿ ಹಾಗೆಯೇ ಆಗುತ್ತದೆಂಬ ಭರವಸೆ ಇಲ್ಲ. ಇಲ್ಲಿನ ಬಾವಿ, ಹಳ್ಳ, ಅಬ್ಬಿಯ ನೀರು ಸಾಮಾನ್ಯವಾಗಿ ಮೆದು. ಕೊಳವೆಬಾವಿಯ ನೀರಿನಲ್ಲೂ ಎಷ್ಟೋ ಕಡೆ ಸೋಪು ಚೆನ್ನಾಗಿಯೇ ನೊರೆಯುತ್ತದೆ. ಪ್ರಶಿಕ್ಷಣಾರ್ಥಿ ಎರಡು ಪ್ರನಾಳ ಹಿಡಿದು ನಿಂತಿದ್ದಾರೆ, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದಾರೆ, ಎರಡರಲ್ಲೂ ಒಂದೇ ಎತ್ತರದ ನೊರೆ ಬಂದಿದೆ. ಆಗ “ನೋಡಿ ಮಕ್ಕಳೇ, ಇದರಲ್ಲಿ ನೊರೆ ಕಡಿಮೆ ಬಂದಿದೆ” ಎಂದು ಹೇಳಿ ಮುಂದೆ ಸಾಗುವುದು ಸುಲಭ. ಮಕ್ಕಳೂ ಹಾಗೆಯೇ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಕಣ್ಣಿಗೆ ಕಂಡದ್ದಕ್ಕಿಂತ ಮೇಷ್ಟ್ರು ಹೇಳಿದ್ದೇ ಸರಿ ಎಂಬ ಪಾಠವನ್ನು ಅವರು ಅಂದು ಕಲಿತಿರುತ್ತಾರೆ. ವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಆದ್ದರಿಂದ ಪಾಠದ ಮೊದಲ ಪ್ರಶ್ನೆಯನ್ನೇ ಬದಲಿಸಿಕೊಂಡಿದ್ದೇವೆ. “ಗಡಸು ನೀರು ಎಂದರೇನು?” ಎಂದು ಕೇಳುವ ಬದಲು, “ಬಯಲುಸೀಮೆಯಲ್ಲಿ ತೊಳೆದ ಕಾರಿನ ಮೇಲೆ ಬಿಳಿ ಕಲೆ ಏಕೆ ಉಳಿಯುತ್ತದೆ? ನಮ್ಮೂರಿನ ಅಂಗಳದಲ್ಲಿ ಅದೇ ಕಾರು ತೊಳೆದರೆ ಏಕೆ ಅಷ್ಟಾಗಿ ಉಳಿಯುವುದಿಲ್ಲ?” ಎಂದು ಕೇಳುತ್ತೇವೆ. ಹಬ್ಬಕ್ಕೆ, ಮದುವೆಗೆ, ರಜೆಗೆ ಬೆಂಗಳೂರಿನಿಂದ ಬರುವ ನೆಂಟರ ಕಾರನ್ನು ನೋಡದ ಮಕ್ಕಳು ಈ ಸೀಮೆಯಲ್ಲಿ ಕಡಿಮೆ. ಪ್ರಶ್ನೆ ಅವರ ಅಂಗಳದಲ್ಲೇ ಇದೆ.

2. ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
- ಗಡಸು ನೀರು, ಮೆದು ನೀರುಗಳನ್ನು ಪ್ರಯೋಗದ ಮೂಲಕ ಗುರುತಿಸುವನು/ಳು;
- ನೀರು ಆರಿದಾಗ ಬಿಳಿ ಕಲೆ ಉಂಟಾಗುವ ಕಾರಣವನ್ನು ವಿವರಿಸುವನು/ಳು;
- ಬಿಳಿ ಕಲೆಗೂ ಕಬ್ಬಿಣದ ಕೆಂಪು ಕಲೆಗೂ ಇರುವ ವ್ಯತ್ಯಾಸವನ್ನು ಪರೀಕ್ಷಿಸಿ ಹೇಳುವನು/ಳು;
- ಮನೆಯಲ್ಲಿ ವಾಹನ ತೊಳೆಯುವಾಗ ಕಲೆ ತಡೆಯುವ ಕ್ರಮಗಳನ್ನು ಕಾರಣಸಹಿತ ಸೂಚಿಸುವನು/ಳು.

3. ಶಿಕ್ಷಕರಿಗೆ ವಿಷಯ ಸಿದ್ಧತೆ

ಮಳೆನೀರು ನೆಲ ಮುಟ್ಟುವಾಗ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಗಾಳಿಯಿಂದ ಮತ್ತು ಮಣ್ಣಿನಿಂದ ಅದು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಈ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಮಣ್ಣು ಹಾಗೂ ಬಂಡೆಗಳ ನಡುವೆ ಇಳಿಯುತ್ತ ಆ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳೇ ಗಡಸುತನ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಬಂದಿದೆ. ಅದು ಸುಣ್ಣಕಲ್ಲು. ಅಂಥ ನೆಲದಲ್ಲಿ ನೀರಿಗೆ ಕ್ಯಾಲ್ಸಿಯಂ ಧಾರಾಳವಾಗಿ ಸಿಗುತ್ತದೆ.

ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸಾವಿರಾರು ವರ್ಷಗಳ ಇಂಥ ಮಳೆ ಮೇಲ್ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದು ಸಾಗಿಸಿದೆ. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದಿವೆ. ಜಂಬಿಟ್ಟಿಗೆ ಕಲ್ಲಿನ ಕೆಂಪು ಬಣ್ಣ ಅದರದೇ. ನಮ್ಮ ನೀರು ಮೆದುವಾಗಿರುವುದಕ್ಕೂ ನಮ್ಮ ಮಣ್ಣು ಕೆಂಪಾಗಿರುವುದಕ್ಕೂ ಕಾರಣ ಒಂದೇ ಮಳೆ. ಚಿತ್ರದುರ್ಗದಂಥ ಕಡೆ ವಾರ್ಷಿಕ ಮಳೆ ಇದರ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ಆಳದ ಕೊಳವೆಬಾವಿಯ ನೀರು ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತು ಲವಣಗಳನ್ನು ಕೂಡಿಸಿಕೊಂಡಿರುತ್ತದೆ.

ಗಡಸುತನವನ್ನು ಒಂದು ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 60ರವರೆಗೆ ಮೆದು, 61ರಿಂದ 120 ಸಾಧಾರಣ ಗಡಸು, 121ರಿಂದ 180 ಗಡಸು, 180ಕ್ಕೆ ಮೇಲೆ ತೀರಾ ಗಡಸು ಎಂಬುದು ಬಳಕೆಯಲ್ಲಿರುವ ಒಂದು ವಿಂಗಡಣೆ. ಕುಡಿಯುವ ನೀರಿನ ಭಾರತೀಯ ಮಾನಕ (ಐಎಸ್ 10500:2012) 200 ಮಿ.ಗ್ರಾಂ ಅನ್ನು ಒಪ್ಪತಕ್ಕ ಮಿತಿ ಎಂದೂ, ಬೇರೆ ಮೂಲವಿಲ್ಲದ ಕಡೆ 600ರವರೆಗೆ ಆಗಬಹುದೆಂದೂ ಹೇಳುತ್ತದೆ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಕಾರಿನ ಮೇಲೆ ಕಲೆ ಮಾಡಬಲ್ಲದು. ಕಲೆ ಕಂಡ ಕೂಡಲೇ “ಈ ನೀರು ಕೆಟ್ಟದ್ದು” ಎಂದು ಮಕ್ಕಳು ತೀರ್ಮಾನಿಸದಂತೆ ನೋಡಿಕೊಳ್ಳಬೇಕು.

4. ಬೋಧನೋಪಕರಣಗಳು

ಪ್ರನಾಳಗಳು ಅಥವಾ ಒಂದೇ ಅಳತೆಯ ಸಣ್ಣ ಬಾಟಲಿಗಳು, ಡ್ರಾಪರ್, ಸ್ನಾನದ ಸೋಪಿನ ತುರಿ, ಪಾತ್ರೆ ತೊಳೆಯುವ ದ್ರವ, ಎಲೆಅಡಿಕೆಗೆ ಬಳಸುವ ಸುಣ್ಣ, ಸಿಹಿಯಿಲ್ಲದ ಸೋಡಾ, ವಿನೆಗರ್, ಹಾಲು ಹಾಕದ ಚಹಾ ಡಿಕಾಕ್ಷನ್, ಮೊಟ್ಟೆಯ ಚಿಪ್ಪು, ಕಪ್ಪು ಬಣ್ಣ ಬಳಿದ ತಗಡು, ಮೆತ್ತನೆಯ ಬಟ್ಟೆ. ನೀರಿನ ಮಾದರಿಗಳು: ಬಾವಿಯದು, ಹಳ್ಳ ಅಥವಾ ಅಬ್ಬಿಯದು, ಕೊಳವೆಬಾವಿಯದು. ಮಳೆಗಾಲವಾದರೆ ಮಳೆನೀರು. ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

5. ಗಡಸು ನೀರನ್ನು ನಾವೇ ತಯಾರಿಸುವುದು

ಊರಿನಲ್ಲಿ ಗಡಸು ನೀರು ಇಲ್ಲದಿದ್ದರೆ ಅದನ್ನು ತಯಾರಿಸಿಕೊಳ್ಳಬಹುದು ಎಂದು ಪಠ್ಯವೇ ಸೂಚಿಸುತ್ತದೆ. ಅದಕ್ಕೆ ಬೇಕಾದ ಸುಣ್ಣ ಅಡಿಕೆ ಸೀಮೆಯ ಪ್ರತಿ ಮನೆಯಲ್ಲೂ ಇದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಸೇರಿಸುವುದೂ ಇದೇ ಸುಣ್ಣವನ್ನೇ.

ಹಂತ 1: ಒಂದು ಚಮಚ ಸುಣ್ಣವನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕಲಕಿ, ಮುಚ್ಚಿ, ರಾತ್ರಿ ಇಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿಯಿರಿ. ಇದು ಸುಣ್ಣದ ತಿಳಿನೀರು. ಕಣ್ಣಿಗೆ, ಗಾಯಕ್ಕೆ ತಾಗಬಾರದು. ಈ ಹಂತವನ್ನು ಶಿಕ್ಷಕರೇ ಮಾಡಬೇಕು.

ಹಂತ 2: ಒಂದು ಪಾಲು ತಿಳಿನೀರಿಗೆ ಐದು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ.

ಹಂತ 3: ಈ ನೀರಿಗೆ ತರಗತಿಯ ಎದುರಿನಲ್ಲೇ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ. ಮೊದಲು ನೀರು ಹಾಲಿನಂತಾಗುತ್ತದೆ. ಇನ್ನೂ ಹಾಕುತ್ತ ಕಲಕಿದರೆ ಮತ್ತೆ ತಿಳಿಯಾಗುತ್ತ ಬರುತ್ತದೆ. 100 ಮಿ.ಲೀ. ನೀರಿಗೆ ಸುಮಾರು 30 ಮಿ.ಲೀ. ಸೋಡಾ ಸಾಕಾಗಬೇಕು. ಹತ್ತು ನಿಮಿಷ ಬಿಟ್ಟು, ಕಣಗಳು ಉಳಿದಿದ್ದರೆ ಸೋಸಿ.

ಹಾಲಿನಂತಾದಾಗ ಇದ್ದದ್ದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್. ತಿಳಿಯಾದಾಗ ಇರುವುದು ಕರಗಿದ ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್. ಲೆಕ್ಕದ ಪ್ರಕಾರ ಈ ನೀರಿನ ಗಡಸುತನ ಲೀಟರಿಗೆ 250ರಿಂದ 300 ಮಿ.ಗ್ರಾಂ ಆಸುಪಾಸು. ಬಯಲುಸೀಮೆಯ ಕೊಳವೆಬಾವಿಯ ನೀರಿಗೆ ಇದು ಒಳ್ಳೆಯ ಪ್ರತಿನಿಧಿ. ನೆಲದೊಳಗೆ ಬಹುಕಾಲ ನಡೆಯುವ ಕೆಲಸ ಮಕ್ಕಳ ಕಣ್ಣೆದುರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಒಂದು ಎಚ್ಚರ. ಸೋಡಾದಿಂದಲೇ ನೊರೆ ಕಡಿಮೆಯಾಯಿತೇನೋ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ಅದಕ್ಕಾಗಿ ಅಷ್ಟೇ ಪ್ರಮಾಣದ ಸೋಡಾ ಬೆರೆಸಿದ ಡಿಸ್ಟಿಲ್ಡ್ ವಾಟರನ್ನು ನಿಯಂತ್ರಣ ಮಾದರಿಯಾಗಿ ಇಡಬೇಕು.

6. ಪಾಠದ ಬೆಳವಣಿಗೆ

ಪೂರ್ವಜ್ಞಾನ ಪರೀಕ್ಷೆ

ಶಿಕ್ಷಕರು: ನಿಮ್ಮ ಬಚ್ಚಲುಮನೆಯ ಹಂಡೆಯ ಒಳಗೆ ಕೈಯಾಡಿಸಿದರೆ ಬಿಳಿ ಪದರ ಸಿಗುತ್ತದೆಯೇ?
ನಿರೀಕ್ಷಿತ ಉತ್ತರ: ಇಲ್ಲ ಸಾರ್, ಹೊರಗಡೆ ಮಸಿ ಮಾತ್ರ ಇರುತ್ತದೆ.
ಶಿಕ್ಷಕರು: ಬಯಲುಸೀಮೆಯ ನೆಂಟರ ಮನೆಯ ಹಂಡೆಯಲ್ಲಿ?
ನಿರೀಕ್ಷಿತ ಉತ್ತರ: ಒಳಗೆ ಸುಣ್ಣ ಹಿಡಿದ ಹಾಗೆ ಇರುತ್ತದೆ.
ಶಿಕ್ಷಕರು: ಆ ಸುಣ್ಣ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹೇಳದೆ ಹಾಗೆಯೇ ಬಿಡಬೇಕು. ಅದೇ ಪಾಠದ ದಾರಿ.

ಚಟುವಟಿಕೆ 1: ಹನಿ ಆರಲಿ

ಪಿರಿಯಡ್ ಆರಂಭದಲ್ಲೇ ಕಪ್ಪು ತಗಡಿನ ಮೇಲೆ ಪ್ರತಿ ಮಾದರಿಯ ಹತ್ತು ಹತ್ತು ಹನಿ ಇಟ್ಟು, ಸಾಲುಗಳಿಗೆ ಹೆಸರು ಬರೆದು ಬಿಸಿಲಿಗೆ ಇಡಿ. ಕಾರಿನ ಬಾನೆಟ್ಟಿಗೆ ಈ ತಗಡೇ ಪ್ರತಿನಿಧಿ. ಹನಿ ಆರಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ನೋಡಿ, ಪಕ್ಕದವರನ್ನು ಕೇಳದೆ ಬರೆದುಕೊಳ್ಳಲಿ. ಸಿದ್ಧಪಡಿಸಿದ ಗಡಸು ನೀರಿನ ಸಾಲಿನಲ್ಲಿ ಬಿಳಿ ಉಂಗುರಗಳು ಕಾಣಬೇಕು.

ಉಂಗುರವೇ ಏಕೆ, ಚುಕ್ಕೆ ಏಕಲ್ಲ? ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತ ಲವಣವನ್ನೂ ಒಯ್ಯುತ್ತದೆ. ಚೆಲ್ಲಿದ ಕಾಫಿ ಆರಿದಾಗ ಅಂಚು ಗಾಢವಾಗುವುದೂ ಹೀಗೆಯೇ.

ಚಟುವಟಿಕೆ 2: ನೊರೆಯ ಲೆಕ್ಕ

ಒಂದು ಚಮಚ ಸೋಪಿನ ತುರಿಯನ್ನು ಒಂದು ಲೋಟ ಬಿಸಿ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಆರಿಸಿ. ಪ್ರತಿ ಮಾದರಿಯ 10 ಮಿ.ಲೀ. ತೆಗೆದುಕೊಂಡು, ಒಂದೊಂದೇ ಹನಿ ಸೋಪಿನ ದ್ರಾವಣ ಹಾಕಿ ಕುಲುಕುತ್ತ, ನೊರೆ ಒಂದು ನಿಮಿಷ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತೆಂದು ಎಣಿಸಬೇಕು. “ಹೆಚ್ಚು ನೊರೆ, ಕಡಿಮೆ ನೊರೆ” ಎಂಬ ಕಣ್ಣಂದಾಜಿನ ಬದಲು ಇಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಕ್ಕಾಗ ಶಿಕ್ಷಕರ ಮಾತಿನ ಒತ್ತಡ ಕಡಿಮೆಯಾಗುತ್ತದೆ.

ಊರಿನ ಕೊಳವೆಬಾವಿಯ ನೀರು ಡಿಸ್ಟಿಲ್ಡ್ ವಾಟರಿನ ಹತ್ತಿರದ ಸಂಖ್ಯೆ ತೋರಿಸಿದರೆ ಅದನ್ನೇ ಹಲಗೆಯ ಮೇಲೆ ಬರೆಯಬೇಕು. “ಪುಸ್ತಕದಲ್ಲಿ ಕೊಳವೆಬಾವಿಯ ನೀರು ಗಡಸು ಎಂದಿದೆ, ನಮ್ಮದು ಏಕೆ ಹಾಗಿಲ್ಲ?” ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಬೇಕು. ಮಳೆ, ಮಣ್ಣು, ಬಂಡೆಗಳ ಚರ್ಚೆ ಇಲ್ಲಿಂದ ಸಹಜವಾಗಿ ಹೊರಡುತ್ತದೆ. ಪುಸ್ತಕ ತಪ್ಪಲ್ಲ, ನಮ್ಮ ಪ್ರಯೋಗವೂ ತಪ್ಪಲ್ಲ. ನೆಲ ಬೇರೆ.

ಚಟುವಟಿಕೆ 3: ಮಾರ್ಜಕದ ಮೋಸ

ಸಿದ್ಧಪಡಿಸಿದ ಗಡಸು ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಕುಲುಕಿ. ನೊರೆ ಚೆನ್ನಾಗಿ ಬರುತ್ತದೆ. ಮಾರ್ಜಕ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುವುದಿಲ್ಲ ಎಂಬುದು ಪಠ್ಯದ ಅಂಶ. ಅದರ ಮುಂದಿನ ಹೆಜ್ಜೆ ಕಾರಿನ ಪಾಠಕ್ಕೆ ಮುಖ್ಯ: ನೊರೆ ಬಂತೆಂದ ಮಾತ್ರಕ್ಕೆ ಕ್ಯಾಲ್ಸಿಯಂ ಎಲ್ಲಿಗೂ ಹೋಗಲಿಲ್ಲ. ಕಾರ್ ಶಾಂಪೂ ಕೂಡ ಮಾರ್ಜಕವೇ. ಎಷ್ಟು ಚೆನ್ನಾಗಿ ನೊರೆ ಬಂದರೂ ಕೊನೆಗೆ ಸುರಿದ ನೀರು ಗಡಸಾಗಿದ್ದು ಅದು ಮೈಮೇಲೆಯೇ ಆರಿದರೆ ಕಲೆ ಉಳಿಯುತ್ತದೆ.

ಚಟುವಟಿಕೆ 4: ಕಲೆಯ ಜಾತಿ ಯಾವುದು?

ಇಲ್ಲಿ ಯಾರಾದರೂ “ನಮ್ಮನೆ ಬೋರ್‌ವೆಲ್ ನೀರಿನ ಕಲೆ ಬಿಳಿ ಅಲ್ಲ ಟೀಚರ್, ಕೆಂಪು” ಎನ್ನುವ ಸಾಧ್ಯತೆ ಇದೆ. ಇದನ್ನು ಅಡ್ಡಪ್ರಶ್ನೆ ಎಂದು ತಳ್ಳಬಾರದು. ಮಲೆನಾಡಿನ ಮಟ್ಟಿಗೆ ಇದೇ ಹೆಚ್ಚು ಉಪಯುಕ್ತ ಪ್ರಶ್ನೆ.

ಕೆಂಪು ಕಲೆ ಕಬ್ಬಿಣದ್ದು. ಆಳದ ನೀರಿನಲ್ಲಿ ಕಬ್ಬಿಣ ಬಣ್ಣವಿಲ್ಲದೆ ಕರಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದಾಗ ಕರಗದ ಕೆಂಗಂದು ವಸ್ತುವಾಗುತ್ತದೆ. ಪರೀಕ್ಷೆಗೆ ಕೊಳವೆಬಾವಿಯ ನೀರನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಗಟ್ಟಿ ಚಹಾ ಡಿಕಾಕ್ಷನ್ ಒಂದು ಚಮಚ ಬೆರೆಸಬೇಕು. ಡಿಸ್ಟಿಲ್ಡ್ ವಾಟರಿಗೂ ಅಷ್ಟೇ ಬೆರೆಸಿ ಪಕ್ಕಪಕ್ಕ ಇಡಬೇಕು. ಕಬ್ಬಿಣ ಸಾಕಷ್ಟಿದ್ದರೆ ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ. ಚಹಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆದ ಬಣ್ಣವದು. ಅಡಿಕೆಯ ಚೊಗರಿನಲ್ಲಿರುವುದೂ ಟ್ಯಾನಿನ್ನೇ. ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಕಂಡ ಮಕ್ಕಳಿಗೆ ಇದು ಹೊಸದಲ್ಲ.

ಬಿಳಿ ಕಲೆಯ ಪರೀಕ್ಷೆ ವಿನೆಗರಿನಿಂದ. ತಗಡಿನ ಮೇಲಿನ ಉಂಗುರಕ್ಕೆ ಒಂದು ಹನಿ ಹಾಕಿದರೆ ಅದು ಕರಗುತ್ತದೆ. ಉಂಗುರದಲ್ಲಿರುವ ವಸ್ತು ತೀರ ಕಡಿಮೆಯಾದ್ದರಿಂದ ಗುಳ್ಳೆ ಕಾಣದಿರಬಹುದು. ಗುಳ್ಳೆ ತೋರಿಸಲು ಅದೇ ವಸ್ತುವಿನ ಮೊಟ್ಟೆಚಿಪ್ಪನ್ನು ಬಳಸಿ. ಸೀಮೆಸುಣ್ಣ ಬಳಸಬೇಡಿ. ಅದು ಹೆಚ್ಚಾಗಿ ಜಿಪ್ಸಂ, ಗುಳ್ಳೆ ಬರುವುದಿಲ್ಲ.

7. ವಿವರಣೆ: ಕಲೆಯ ಲೆಕ್ಕ

ಎಲ್ಲ ಚಟುವಟಿಕೆಗಳನ್ನೂ ಒಂದು ಸಾಲಿಗೆ ತರಬಹುದು. ಹಲಗೆಯ ಮೇಲೆ ಬರೆಯಿರಿ:

ಉಳಿಯುವ ಕಲೆ = ಮೈಮೇಲೆ ಆರಿದ ನೀರು × ಆ ನೀರಿನಲ್ಲಿ ಕರಗಿದ ಲವಣ

ತೊಳೆದ ಮೇಲೆ ಕಾರಿನ ಮೈಮೇಲೆ ಕಾಲು ಲೀಟರ್, ಅಂದರೆ 250 ಮಿ.ಲೀ. ನೀರು ಉಳಿಯಿತು ಎಂದಿಟ್ಟುಕೊಳ್ಳೋಣ.

ಲೀಟರಿಗೆ 300 ಮಿ.ಗ್ರಾಂ ಗಡಸು ನೀರು, ಒರೆಸದೆ ಬಿಟ್ಟರೆ: 0.25 × 300 = 75 ಮಿ.ಗ್ರಾಂ.
ಅದೇ ನೀರು, ಒರೆಸಿ 25 ಮಿ.ಲೀ. ಮಾತ್ರ ಉಳಿದರೆ: 0.025 × 300 = 7.5 ಮಿ.ಗ್ರಾಂ.
ಲೀಟರಿಗೆ 30 ಮಿ.ಗ್ರಾಂ ಇರುವ ಮೆದು ನೀರು, ಒರೆಸದೆ ಬಿಟ್ಟರೆ: 0.25 × 30 = 7.5 ಮಿ.ಗ್ರಾಂ.
ಮೆದು ನೀರು, ಒರೆಸಿದರೆ: 0.025 × 30 = 0.75 ಮಿ.ಗ್ರಾಂ.

ಎರಡನೆಯ ಮತ್ತು ಮೂರನೆಯ ಸಾಲು ಸಮ. ನೀರು ಬದಲಿಸಲಾಗದ ಬಯಲುಸೀಮೆಯವರು ಒರೆಸುವ ಬಟ್ಟೆಯಿಂದ ಪಡೆಯುವ ಲಾಭವನ್ನು ನಮ್ಮೂರಿನವರಿಗೆ ಮಳೆಯೇ ಕೊಟ್ಟಿದೆ. ಬಿಸಿಲು ಈ ಲೆಕ್ಕದ ಯಾವ ಕಡೆಗೂ ಬರುವುದಿಲ್ಲ ಎಂಬುದನ್ನು ಮಕ್ಕಳೇ ಗಮನಿಸುವಂತೆ ಮಾಡಿ. ಬಿಸಿಲು ಲವಣವನ್ನು ಹೆಚ್ಚಿಸುವುದಿಲ್ಲ. ಒರೆಸಲು ನಮಗಿರುವ ಸಮಯವನ್ನು ಕಸಿದುಕೊಳ್ಳುತ್ತದೆ.

8. ವಿಸ್ತರಣೆ: ಮನೆಯಲ್ಲಿ ಕಾರು ತೊಳೆಯುವ ಕ್ರಮ

ಕೆಳಗಿನ ಪ್ರತಿ ಸೂಚನೆಗೂ ಮೇಲಿನ ಸಾಲಿನಿಂದ ಕಾರಣ ಹುಡುಕುವ ಕೆಲಸವನ್ನು ಗುಂಪುಗಳಿಗೆ ಕೊಡಿ.

(ಅ) ಬೆಳಿಗ್ಗೆ ಅಥವಾ ಸಂಜೆ, ನೆರಳಿನಲ್ಲಿ ತೊಳೆಯಬೇಕು. ದೂರ ಓಡಿ ಬಂದ ಕಾರಿನ ಬಾನೆಟ್ ತಣಿಯುವವರೆಗೆ ಕಾಯಬೇಕು.
(ಆ) ಮೊದಲು ಬರೀ ನೀರು ಹಾಕಿ ಧೂಳು, ಕೆಸರು ಇಳಿಸಬೇಕು. ಕೆಂಪು ಮಣ್ಣಿನ ಮೇಲೆಯೇ ಬಟ್ಟೆ ಉಜ್ಜಿದರೆ ಗೀರು ಬೀಳುತ್ತದೆ.
(ಇ) ಮೇಲಿನಿಂದ ಕೆಳಕ್ಕೆ, ಒಂದೊಂದೇ ಭಾಗ ತೊಳೆದು ಅದನ್ನು ಆರಗೊಡದೆ ಮುಂದಕ್ಕೆ ಹೋಗಬೇಕು.
(ಈ) ಕೊನೆಯ ನೀರು ಎಲ್ಲಕ್ಕಿಂತ ಮುಖ್ಯ. ಗಡಸು ನೀರಿನ ಊರಿನಲ್ಲಿ ತೊಳೆಯುವುದೆಲ್ಲ ಕೊಳವೆಬಾವಿಯ ನೀರಿನಲ್ಲೇ ಆಗಲಿ. ಕೊನೆಯ ನಾಲ್ಕೈದು ಲೀಟರ್ ಮಾತ್ರ ಮಳೆನೀರು ಆದರೆ ಸಾಕು. ಗಿಡಕ್ಕೆ ನೀರು ಹಾಕುವ ಕ್ಯಾನ್ ಇದಕ್ಕೆ ಒಳ್ಳೆಯದು. ಮಾಡಿನ ನೀರು ಹಿಡಿಯುವಾಗ ಮೊದಲ ಮಳೆಯ ಕೊಳೆನೀರನ್ನು ಬಿಟ್ಟುಬಿಡಬೇಕು.
(ಉ) ಪೈಪಿನಲ್ಲಿ ಕೊನೆಯ ನೀರು ಬಿಡುವಾಗ ಚಿಮುಕಿಸದೆ ಮೆಲ್ಲಗೆ ಹರಿಯಬಿಟ್ಟರೆ ನೀರು ಹಾಳೆಯಂತೆ ಜಾರಿ, ಹನಿಗಳು ಕಡಿಮೆ ಉಳಿಯುತ್ತವೆ.
(ಊ) ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಕನ್ನಡಿ, ಬಾಗಿಲ ಹಿಡಿ, ನಂಬರ್ ಪ್ಲೇಟಿನ ಸಂದುಗಳಿಂದ ನೀರು ಆಮೇಲೆ ಇಳಿಯುವುದುಂಟು. ಅವನ್ನು ಇನ್ನೊಮ್ಮೆ ಒರೆಸಬೇಕು.
(ಋ) ವ್ಯಾಕ್ಸ್ ಬಳಿದ ಕಾರಿನ ಮೇಲೆ ನೀರು ಗುಂಡಗೆ ನಿಲ್ಲುತ್ತದೆ. ಅದನ್ನು ಒರೆಸುವುದು ಸುಲಭ, ಆದರೆ ಒರೆಸದೆ ಬಿಟ್ಟರೆ ಆ ಗುಂಡು ಹನಿಗಳೂ ಕಲೆ ಬಿಡುತ್ತವೆ. ವ್ಯಾಕ್ಸ್ ಬಟ್ಟೆಗೆ ಬದಲಿಯಲ್ಲ.

ಚರ್ಚೆಗೆ ಬರಬಹುದಾದ ಎರಡು ಸಂದೇಹಗಳು. ಒಂದು, ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥ ಮಾಡದೆ ಕಾರಿಗೆ ಬಳಸಬಹುದೇ? ಮೊದಲ ತೊಳೆತಕ್ಕೆ ಬಳಸಬಹುದು, ಕೊನೆಗೆ ಬಳಸಬಾರದು. ಶೋಧಿಸಿದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಎರಡು, ನೀರು ಕುದಿಸಿದರೆ ಗಡಸುತನ ಹೋಗುತ್ತದಲ್ಲವೇ? ಹೈಡ್ರೋಜನ್ ಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡಸುತನದ ಬಹುಪಾಲು ಹೋಗುತ್ತದೆ, ಸಲ್ಫೇಟ್ ಹಾಗೂ ಕ್ಲೋರೈಡಿನ ಗಡಸುತನ ಉಳಿಯುತ್ತದೆ. ಹಂಡೆಯೊಳಗಿನ ಬಿಳಿ ಪದರ ಎಲ್ಲಿಂದ ಬಂತೆಂಬ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ.

ಕಲೆ ಆಗಲೇ ಬಿದ್ದಿದ್ದರೆ? ವಿನೆಗರಿಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಮೈಮೇಲೆ ಬಟ್ಟೆಯಲ್ಲಿ ಒಂದೆರಡು ನಿಮಿಷ ಇಟ್ಟು, ಧಾರಾಳ ನೀರಿನಲ್ಲಿ ತೊಳೆದು ಒರೆಸಬೇಕು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ತೆಂಗಿನ ನಾರು, ಬೂದಿ, ಪಾತ್ರೆ ಉಜ್ಜುವ ಸ್ಕ್ರಬ್ಬರ್ ಬೇಡ. ಶೌಚಾಲಯ ತೊಳೆಯುವ ಆಸಿಡ್ ಖಂಡಿತ ಕೂಡದು. ಬಹುಕಾಲ ಬಿಸಿಲಿನಲ್ಲಿ ಕುಳಿತ ಕಲೆ ಬಣ್ಣದ ಮೇಲಿನ ಪಾರದರ್ಶಕ ಲೇಪವನ್ನೇ ಕೊರೆದಿರಬಹುದು. ಆಗ ಅದು ವಿನೆಗರಿಗೆ ಬಗ್ಗುವುದಿಲ್ಲ. ಮುಂಚೆಯೇ ತಡೆಯಬೇಕೆನ್ನುವುದು ಇದಕ್ಕೇ.

ನೀರು ಮೆದುವೆಂದು ಕಾರನ್ನು ಹಳ್ಳಕ್ಕೆ ಇಳಿಸಿ ತೊಳೆಯುವ ಅಭ್ಯಾಸದ ಬಗ್ಗೆಯೂ ಎರಡು ಮಾತು ಆಡಬೇಕು. ಈ ಸೀಮೆಯ ಎಷ್ಟೋ ಹಳ್ಳಗಳು ಕೊನೆಗೆ ಸೇರುವುದು ತುಂಗೆಯನ್ನು. ಕಾರಿನ ಎಣ್ಣೆ, ಮಾರ್ಜಕಗಳೂ ಅದೇ ದಾರಿ ಹಿಡಿಯುತ್ತವೆ. ನೀರನ್ನು ಬಕೆಟ್ಟಿನಲ್ಲಿ ತಂದು ಅಂಗಳದಲ್ಲಿ ತೊಳೆಯುವುದೇ ಸರಿ.

9. ಮೌಲ್ಯಮಾಪನ

1) ಎರಡು ಬಾಟಲಿಗಳಲ್ಲಿ ತಿಳಿ ನೀರಿದೆ. ಯಾವುದು ಗಡಸು ಎಂದು ಎರಡು ಬೇರೆ ಬೇರೆ ವಿಧಾನಗಳಿಂದ ತೋರಿಸಿ.
2) “ಶಾಂಪೂ ಚೆನ್ನಾಗಿ ನೊರೆ ಬಂತು, ಆದ್ದರಿಂದ ಕಲೆ ಬೀಳುವುದಿಲ್ಲ.” ಈ ಹೇಳಿಕೆ ಸರಿಯೇ? ಕಾರಣ ಕೊಡಿ.
3) ಗಡಸುತನ 200 ಮಿ.ಗ್ರಾಂ ಇರುವ ನೀರಿನ 150 ಮಿ.ಲೀ. ಕಾರಿನ ಮೇಲೆ ಆರಿದರೆ ಉಳಿಯುವ ಲವಣವೆಷ್ಟು? (ಉತ್ತರ: 30 ಮಿ.ಗ್ರಾಂ)
4) ಬಿಳಿ ಬೈಕಿನ ಮೇಲೆ ಕೆಂಗಂದು ಕಲೆ ಇದೆ. ಇದು ಗಡಸು ನೀರಿನದೆಂದು ಸ್ನೇಹಿತ ಹೇಳುತ್ತಾನೆ. ಹೇಗೆ ಪರೀಕ್ಷಿಸುವಿರಿ?

ಮನೆಗೆಲಸ: ನಿಮ್ಮ ಮನೆಯಲ್ಲಿ ಬಳಸುವ ಪ್ರತಿ ನೀರಿನ ಮೂಲದಿಂದ ಹತ್ತು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಆರಿಸಿ, ಕಂಡದ್ದನ್ನು ಬರೆದು ತನ್ನಿ. ಏನೂ ಕಾಣದಿದ್ದರೆ ‘ಏನೂ ಕಾಣಲಿಲ್ಲ’ ಎಂದೇ ಬರೆಯಿರಿ.

10. ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಪಾಠಯೋಜನೆಯ ‘ನಿರೀಕ್ಷಿತ ಫಲಿತಾಂಶ’ ಅಂಕಣವನ್ನು ಪೆನ್ಸಿಲಿನಲ್ಲಿ ತುಂಬಿ. ಬೋಧನೆಗೆ ಹಿಂದಿನ ದಿನ ಆ ಶಾಲೆಯ ನೀರಿನಲ್ಲೇ ಪ್ರಯೋಗ ಮಾಡಿ ನೋಡಿ, ಆಮೇಲೆ ಶಾಯಿಯಲ್ಲಿ ಬರೆಯಿರಿ. ಶಾಲೆ ಬದಲಾದರೆ ನೀರೂ ಬದಲಾಗುತ್ತದೆ. ಒಂದೂರಿನ ಪಾಠಯೋಜನೆಯನ್ನು ಇನ್ನೊಂದೂರಿಗೆ ಹಾಗೆಯೇ ಒಯ್ಯುವಂತಿಲ್ಲ.

ವೀಕ್ಷಕರಲ್ಲಿಯೂ ಒಂದು ವಿನಂತಿ. ಪುಸ್ತಕದಂತೆ ಬಾರದ ಫಲಿತಾಂಶವನ್ನು ಇದ್ದದ್ದು ಇದ್ದಂತೆ ಹಲಗೆಯ ಮೇಲೆ ಬರೆದು, ಕಾರಣ ಹುಡುಕಲು ಮಕ್ಕಳಿಗೆ ಹತ್ತು ನಿಮಿಷ ಕೊಟ್ಟ ಪ್ರಶಿಕ್ಷಣಾರ್ಥಿಗೆ ‘ಚಟುವಟಿಕೆ ಯಶಸ್ವಿಯಾಗಲಿಲ್ಲ’ ಎಂದು ಅಂಕ ಕಡಿತ ಮಾಡಬಾರದು. ಮನೆಗೆಲಸದ ಪುಸ್ತಕಗಳಲ್ಲಿ ‘ಏನೂ ಕಾಣಲಿಲ್ಲ’ ಎಂಬ ಉತ್ತರ ಎಷ್ಟು ಮಕ್ಕಳಿಂದ ಬಂದಿದೆ ಎಂದು ಎಣಿಸಿ ನೋಡಿದರೆ ಪಾಠ ಎಷ್ಟರ ಮಟ್ಟಿಗೆ ಮುಟ್ಟಿದೆ ಎಂಬುದು ತಿಳಿಯುತ್ತದೆ.